ಸಂತೆಚೀಲ ಕೈ ಬದಲಾಯಿಸಿದ ವರ್ಷ

ನಮ್ಮ ಮನೆಯವರು ವಾರವಿಡೀ ಏನು ತಿನ್ನಬೇಕು ಅನ್ನುವುದು ಅಪ್ಪನ ಚೀಲದಲ್ಲಿ ಬರುತ್ತಿತ್ತು. ಚಿಂತಾಮಣಿಯಲ್ಲಿ ಸಂತೆಯ ದಿನ ಅಪ್ಪ ಮಧ್ಯಾಹ್ನದ ಊಟ ಮುಗಿಸಿ, ಸಣ್ಣದೊಂದು ನಿದ್ದೆ ತೆಗೆದು, ಮುಖ ತೊಳೆದು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕ್ರಾಪು ಬಾಚಿಕೊಂಡು ಹೊರಡುತ್ತಿದ್ದರು. ಬದನೆಕಾಯಿ ತರುವುದಕ್ಕೆ ಇಸ್ತ್ರಿ ಶರ್ಟು ಯಾಕೆ ಅಂತ ಆಗ ನಮಗೆ ಯಾರಿಗೂ ಹೊಳೆದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದು ಹಜಾರದ ನಡುವೆ ಚೀಲ ಸುರಿದರೆ ಅದರ ತುಂಬ ಒಂದೇ ತರಕಾರಿ. ಒಂದು ವಾರ ಬದನೆಕಾಯಿ, ಇನ್ನೊಂದು ವಾರ ಸೀಮೆಬದನೆ, ಮತ್ತೊಂದು ವಾರ ಬಲಿತು ನಾರಾಗಿದ್ದ ಬೆಂಡೆಕಾಯಿ. ಸಂತೆ ಮುಗಿಯುವಾಗ ಹಳ್ಳಿಯವರು ಬಂಡಿ ಕಟ್ಟುವ ಅವಸರದಲ್ಲಿ ಉಳಿದದ್ದನ್ನೆಲ್ಲ ಗುಡ್ಡೆ ಹಾಕಿ, ಗುಡ್ಡೆಗೆ ಇಷ್ಟು ಅಂತ ಮಾರಿಬಿಡುತ್ತಾರಲ್ಲ, ಅಪ್ಪ ಅಂಥ ಗುಡ್ಡೆಗಳ ಗಿರಾಕಿ. ಮೇಲಿನ ಕಾಯಿಗಳು ನೋಡಲು ಚೆನ್ನಾಗಿರುತ್ತಿದ್ದವು. ಕೆಳಗಿನವನ್ನು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಆರಿಸುತ್ತಿದ್ದಳು. ಅಪ್ಪ ಮಾತ್ರ ಯುದ್ಧ ಗೆದ್ದು ಬಂದವರ ಹಾಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು.

“ನೋಡಿದ್ಯಾ, ಹೆಂಗೆ ಇಳಿಸ್ದೆ ರೇಟನ್ನ! ಅವನು ಅಳೋದೊಂದು ಬಾಕಿ.”

ಅಪ್ಪ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮಾಸ್ತರು. ತಮಗೆ ಯಾರೂ ಮೋಸ ಮಾಡಲಾರರು ಅಂತ ಅವರಿಗೆ ಗಟ್ಟಿ ನಂಬಿಕೆ. ಸಂತೆಗೆ ಬರುವ ಹಳ್ಳಿಗರಲ್ಲಿ ಮುಕ್ಕಾಲು ಪಾಲು ತೆಲುಗು ಮಾತಾಡುವವರು. ಅಪ್ಪನಿಗೆ ತೆಲುಗು ಬರುತ್ತಿರಲಿಲ್ಲ, ಆದರೆ ಬರುವುದಿಲ್ಲ ಅಂತ ಒಪ್ಪಿಕೊಳ್ಳುವುದು ಮೊದಲೇ ಬರುತ್ತಿರಲಿಲ್ಲ. ಕನ್ನಡದ ಮಾತಿನ ಕೊನೆಗೆ ಒಂದು ‘ಲು’ ಅಂಟಿಸಿದರೆ ಆಯಿತು ಅನ್ನುವುದು ಅವರ ಸಿದ್ಧಾಂತ. ಒಂದು ಸಲ ನಾನು ಸಂತೆಯ ಅಂಚಿನಲ್ಲಿ ಅವರಿಗೆ ಸಿಕ್ಕಿದ್ದಾಗ “ಬದನೆಕಾಯಿಲು ಎಷ್ಟುಲು?” ಅಂತ ಗಂಭೀರವಾಗಿ ಕೇಳಿದ್ದರು. ಮಾರುವವನು ಅಷ್ಟೇ ಗಂಭೀರವಾಗಿ ಅಚ್ಚಕನ್ನಡದಲ್ಲಿ ಉತ್ತರ ಕೊಟ್ಟಿದ್ದ.

ತಂದದ್ದನ್ನು ಬೇಯಿಸುವುದು ಅಮ್ಮನ ಕೆಲಸ. ಏನು ತರಬೇಕು ಅಂತ ಅವಳನ್ನು ಕೇಳುವ ಪದ್ಧತಿ ಇರಲಿಲ್ಲ, ಅವಳಾಗಿ ಹೇಳುವ ಪದ್ಧತಿಯೂ ಇರಲಿಲ್ಲ. ಬೀದಿಗೆ ಹಜಾರ, ಅದರ ಹಿಂದೆ ನಡುಮನೆ, ಆಮೇಲೆ ಒಂದೇ ಒಂದು ಗವಾಕ್ಷಿಯ ಅಡುಗೆಮನೆ, ಕೊನೆಗೆ ಬಾವಿ ಇದ್ದ ಹಿತ್ತಲು. ಅಮ್ಮನ ಓಡಾಟ ನಡುಮನೆಯಿಂದ ಹಿತ್ತಲವರೆಗೆ. ಹಜಾರಕ್ಕೂ ನಡುಮನೆಗೂ ನಡುವಿನ ಹೊಸ್ತಿಲ ಪಕ್ಕ ಕಂಬಕ್ಕೊರಗಿ ಅಜ್ಜಿ ಕೂತಿರುತ್ತಿದ್ದಳು, ಅಪ್ಪನ ಅಮ್ಮ. ಅಲ್ಲಿಂದ ಅವಳಿಗೆ ಬೀದಿಯೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು. ಅಜ್ಜಿ ಮೈಸೂರು ಕಡೆಯವಳು. ಅಮ್ಮ ಚೇಳೂರು ಕಡೆಯ ಹಳ್ಳಿಯವಳು, ಅಲ್ಲಿ ಮನೆಮಾತೇ ತೆಲುಗು. ಮದುವೆಯಾಗಿ ಬಂದ ಹೊಸತರಲ್ಲೇ ಅಜ್ಜಿ ಅವಳಿಗೆ ಎರಡು ಕಟ್ಟಳೆ ಹಾಕಿದ್ದಳಂತೆ. ಈ ಮನೆಯಲ್ಲಿ ತೆಲುಗು ಆಡಕೂಡದು, ನಿಮ್ಮ ಕಡೆಯ ಆ ಹುಳಿಖಾರದ ಅಡುಗೆ ಮಾಡಕೂಡದು. ಅಮ್ಮ ಎರಡನ್ನೂ ಪಾಲಿಸಿದಳು. ಅವಳ ಕನ್ನಡದಲ್ಲಿ ‘ಹೂಂ’, ‘ಆಯ್ತು’, ‘ಬಂದೆ’ ಇವೇ ಹೆಚ್ಚಾಗಿದ್ದವು. ಅಮ್ಮ ಮಿತಭಾಷಿ ಅಂತಲೇ ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ.

ಒಂದೇ ಒಂದು ಸಲ ಅವಳು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿದೆ. ಅಪ್ಪ ಸತತವಾಗಿ ಸೀಮೆಬದನೆ ತಂದ ಕಾಲ ಅದು. ನನ್ನ ತಮ್ಮ ಸೀನ ತಟ್ಟೆ ನೋಡಿದ ಕೂಡಲೇ ಅಳುವುದಕ್ಕೆ ಶುರುಮಾಡುತ್ತಿದ್ದ.

“ರೀ, ಈ ವಾರ ಒಂದ್ಸಲ ನಾನೇ ಹೋಗಿ ಬರ್ಲಾ ಸಂತೆಗೆ? ಒಂದೊಂದೇ ಆರಿಸಿ ತರ್ತೀನಿ.”

ಅಪ್ಪ ನಕ್ಕರು. ಕಂಬದ ಕಡೆಯಿಂದ ಉತ್ತರ ಬಂತು.

“ನಮ್ಮನೆ ಹೆಣ್ಮಕ್ಕಳು ಸಂತೆ ಮೆಟ್ಟಿದೋರಲ್ಲ ಕಣೇ ರತ್ನಾ. ಗಂಡಸು ದಿಕ್ಕಿಲ್ಲದೋರು ಚೀಲ ಹಿಡೀತಾರೆ. ನನ್ನ ಮಗ ಗುಂಡುಕಲ್ಲಿನಂಗೆ ಇದಾನೆ.”

ಅಮ್ಮ ‘ಆಯ್ತು’ ಅಂದು ಒಳಗೆ ಹೋದಳು. ಆಮೇಲೆ ಅವಳು ಪಾತ್ರೆ ತೊಳೆದ ಸದ್ದು ಮಾಮೂಲಿಗಿಂತ ಸ್ವಲ್ಪ ಜೋರಾಗಿತ್ತು.

ಆ ಗುಂಡುಕಲ್ಲನ್ನು ಉರುಳಿಸಲಿಕ್ಕೆ ಫ್ಲೂ ಜ್ವರ ಬಂತು. ಅದು ಎಲ್ಲೋ ಪರದೇಶದಲ್ಲಿ ಹುಟ್ಟಿ, ಹಡಗು ಹತ್ತಿ ಮದರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ನಮ್ಮ ಸೀಮೆಗೆ ಬಂದಿದೆ ಅಂತ ಅಪ್ಪ ಪೇಪರು ಓದಿ ಹೇಳಿದರು. “ಅಷ್ಟು ದೂರ ಬರೋವರ್ಗೂ ಟಿಕೀಟು ಕೇಳೋರು ಯಾರೂ ಸಿಗ್ಲಿಲ್ವೇನೋ ಅದಕ್ಕೆ?” ಅಂತ ಅಜ್ಜಿ ಕೇಳಿದಳು. ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಮನೆಗೊಬ್ಬರಾದರೂ ಕಂಬಳಿ ಹೊದ್ದು ಮಲಗಿದ್ದರು. ಸ್ಕೂಲಿಗೆ ರಜ ಕೊಟ್ಟರು. ಸಂತೆಗೆ ಬರಬೇಡಿ ಅಂತ ಯಾರೂ ಹೇಳದಿದ್ದರೂ ಅದು ತಾನಾಗಿಯೇ ಬಡವಾಗಿ ಕೊನೆಗೆ ನಿಂತೇಹೋಯಿತು, ಮಾರುವವರೂ ಮಲಗಿದ್ದರು, ಕೊಳ್ಳುವವರೂ ಮಲಗಿದ್ದರು. ಹೋಟೆಲಿಗೆ ಹೋಗುವ ಗಟ್ಟಿಗರು ಮನೆಯಿಂದಲೇ ಲೋಟ ಒಯ್ದು ಅದರಲ್ಲಿ ಕಾಫಿ ಹಾಕಿಸಿಕೊಳ್ಳುತ್ತಿದ್ದರು. ದೊಡ್ಡ ಲೋಟ ಒಯ್ಯುವವರು ಹೆಚ್ಚಾದಾಗ ಹೋಟೆಲಿನವನು ಬಾಗಿಲು ಹಾಕಿಕೊಂಡ.

ಊಟದ ಕಾನೂನನ್ನೆಲ್ಲ ಅಜ್ಜಿ ಹೊಸದಾಗಿ ಬರೆದಳು. ಮೊಸರು ಬಂದ್, ಬಾಳೆಹಣ್ಣು ಬಂದ್, ಸೌತೆಕಾಯಿಯ ಹೆಸರೆತ್ತಿದರೂ ನೆಗಡಿ. ಮೂರು ಹೊತ್ತೂ ಮೆಣಸಿನ ಸಾರು, ಅದರ ಹಿಂದೆ ಶುಂಠಿ ಕಷಾಯ, ಕಷಾಯದ ಘಾಟು ಇಳಿಯಲಿ ಅಂತ ಮತ್ತೆ ಮೆಣಸಿನ ಸಾರು. ಹಸಿ ತರಕಾರಿ ಬೀದಿಯಿಂದ ಬಂದರೆ ಅರಿಶಿನ, ಉಪ್ಪು ಹಾಕಿದ ಬಿಸಿನೀರಿನ ಕೊಪ್ಪರಿಗೆಯಲ್ಲಿ ಮುಳುಗಿಸಬೇಕು. ಆ ಸ್ನಾನ ಮುಗಿಯುವಷ್ಟರಲ್ಲಿ ಟೊಮ್ಯಾಟೊ ಅರ್ಧ ಬೆಂದಿರುತ್ತಿತ್ತು. ಮೊನ್ನೆ ಮೊನ್ನೆ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ನನ್ನ ಸೊಸೆ ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಹಾಕುವುದನ್ನು ಕಂಡು ನನಗೆ ನಗು ತಡೆಯಲಿಲ್ಲ. ಅಜ್ಜಿ ಇದ್ದಿದ್ದರೆ ಹಂಗಲ್ಲ ಕಣೇ ಅಂತ ಖಂಡಿತ ಬೈಯುತ್ತಿದ್ದಳು.

ನಮ್ಮ ಮನೆಯಲ್ಲಿ ಮೊದಲು ಮಲಗಿದವರು ಅಪ್ಪ. ಜ್ವರ ತಲೆಗೇರಿ ಕನವರಿಸತೊಡಗಿದರು. ಅಜ್ಜಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ದೇವರ ಹೆಸರು ಹೇಳುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡೇ ಸ್ಪಷ್ಟವಾದ ದನಿಯಲ್ಲಿ ಹೇಳಿದರು:

“ಇನ್ನೆರಡು ಖಾಲಿ ದೋಸೆ ಕೊಡಪ್ಪ. ಬೆಣ್ಣೆ ಹೋದ ವಾರ ಕಮ್ಮಿ ಇತ್ತು. ಸಂತೆ ಏಳೋ ಹೊತ್ತಾಯ್ತು, ಬೇಗ.”

ಅಮ್ಮ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಅಜ್ಜಿಯ ದೇವರ ನಾಮವೂ ಅರ್ಧಕ್ಕೇ ನಿಂತಿತು. ಇಸ್ತ್ರಿ ಶರ್ಟಿನ ಅರ್ಥ ನಮಗೆಲ್ಲರಿಗೂ ಒಟ್ಟಿಗೇ ಆಯಿತು. ಅಪ್ಪ ಸಂತೆಯ ದಿನ ಸೀದಾ ಹೋಟೆಲಿಗೆ ಹೋಗಿ, ಸ್ನೇಹಿತರ ಜೊತೆ ದೋಸೆ ತಿಂದು, ಹರಟೆ ಹೊಡೆದು, ಇನ್ನೇನು ಬಂಡಿಗಳು ಹೊರಡಬೇಕು ಅನ್ನುವಾಗ ಓಡಿಹೋಗಿ ಕಣ್ಣಿಗೆ ಬಿದ್ದ ಗುಡ್ಡೆಯನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ನಾವು ನಾರು ಬೆಂಡೆಕಾಯಿ ಜಗಿಯುತ್ತಿದ್ದ ವಾರಗಳಲ್ಲೆಲ್ಲ ಅವರ ಹೊಟ್ಟೆಯಲ್ಲಿ ಬೆಣ್ಣೆ ಇತ್ತು. ಅಜ್ಜಿ ಒದ್ದೆ ಬಟ್ಟೆಯನ್ನು ಹಿಂಡದೆ ಹಾಗೇ ಅವರ ಮುಖದ ಮೇಲೆ ಹಾಕಿದಳು.

ಸಂತೆ ಇಲ್ಲದ ಆ ದಿನಗಳಲ್ಲಿ ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯಿಂದ ನಾರಾಯಣಮ್ಮ ಅನ್ನುವವಳು ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ತರಕಾರಿ ಮಾರುತ್ತಿದ್ದಳು. ಮೊದಮೊದಲು ವ್ಯಾಪಾರ ಅಜ್ಜಿಯದೇ. ನಾರಾಯಣಮ್ಮ ಬುಟ್ಟಿಯನ್ನು ಬೀದಿಯ ಆಚೆ ದಡದಲ್ಲಿ ಇಳಿಸಬೇಕು, ಅಜ್ಜಿ ಜಗಲಿಯ ಮೇಲಿಂದ ಕೂಗಬೇಕು. ಇವಳ ಮೈಸೂರು ಕನ್ನಡ ಅವಳಿಗೆ ತಲುಪುತ್ತಿರಲಿಲ್ಲ, ಅವಳ ತೆಲುಗನ್ನು ಇವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೊಪ್ಪು ಕೇಳಿದರೆ ಈರುಳ್ಳಿ ಬರುತ್ತಿತ್ತು, ಬೇಡ ಅಂದರೆ ಇನ್ನಷ್ಟು ಬರುತ್ತಿತ್ತು. ಒಂದು ದಿನ ಅರ್ಧ ಗಂಟೆ ಕೂಗಾಡಿ ಕೊನೆಗೆ ಒಂದು ಬೂದುಗುಂಬಳಕಾಯಿ ನಮ್ಮ ಜಗಲಿ ಏರಿತು. ಅದನ್ನು ನಾವು ಕೇಳಿಯೂ ಇರಲಿಲ್ಲ, ಕೊಪ್ಪರಿಗೆಯಲ್ಲಿ ಅದು ಮುಳುಗಲೂ ಇಲ್ಲ. ಅಜ್ಜಿ ಕೂಗಿ ಕೂಗಿಯೋ, ಜ್ವರ ತಗುಲಿಯೋ, ಮಾರನೆಯ ದಿನ ಗಂಟಲು ಕಟ್ಟಿ ಕಂಬದ ಬುಡದಲ್ಲೇ ಚಾಪೆ ಹಾಸಿಕೊಂಡು ಮಲಗಿಬಿಟ್ಟಳು.

ಆವತ್ತು ನಾರಾಯಣಮ್ಮ ಬಂದು ಕೂಗಿದಾಗ ಅಮ್ಮ ಅಡುಗೆಮನೆಯಿಂದ ನಡುಮನೆಗೆ ಬಂದು ನಿಂತಳು. ಅಪ್ಪ ಒಂದು ಕಡೆ ನರಳುತ್ತಿದ್ದಾರೆ, ಅಜ್ಜಿ ಇನ್ನೊಂದು ಕಡೆ. ಮನೆಯಲ್ಲಿ ತರಕಾರಿ ಅಂತ ಇದ್ದದ್ದು ಅದೇ ಬೂದುಗುಂಬಳದ ಅರ್ಧ ಹೋಳು. ಅಮ್ಮ ಸೆರಗು ಸರಿಮಾಡಿಕೊಂಡು, ಅಜ್ಜಿಯ ಚಾಪೆ ಬಳಸಿ, ಹಜಾರ ದಾಟಿ, ಜಗಲಿಯಿಂದಲೂ ಇಳಿದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳ ಬಾಯಿಂದ ತೆಲುಗು ಹೊರಟಿತು.

“ಏಮಮ್ಮಾ, ನಿನ್ನಟಿ ಆಕು ತೆಚ್ಚಿನಾವು? ಲೇತದಿ ಅಡುಗುನ ದಾಚಿನಾವಾ?”

ನಿನ್ನೆಯ ಸೊಪ್ಪು ತಂದಿದೀಯಲ್ಲ, ಎಳೇದನ್ನ ಅಡಿಯಲ್ಲಿ ಬಚ್ಚಿಟ್ಟಿದೀಯಾ ಅಂತ. ನಾರಾಯಣಮ್ಮ ಒಂದು ಗಳಿಗೆ ಬೆಪ್ಪಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ನಿಜವಾಗಿಯೂ ಬುಟ್ಟಿಯ ಅಡಿಗೆ ಕೈ ಹಾಕಿದಳು. ಅಮ್ಮ ಬೆಂಡೆಕಾಯಿಯ ತುದಿ ಮುರಿದು ನೋಡಿದಳು, ಬದನೆಯನ್ನು ಕಿವಿಯ ಹತ್ತಿರ ಹಿಡಿದು ಒತ್ತಿದಳು, ಮಾತಿಗೆ ಮಾತು ಕೊಟ್ಟಳು, ನಾರಾಯಣಮ್ಮನ ಸೊಸೆಯ ಬಾಣಂತನದವರೆಗೂ ವಿಚಾರಿಸಿದಳು. ಜಗಲಿಯ ಮೇಲೆ ನಿಂತ ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅಮ್ಮ ತಲೆ ಹಿಂದಕ್ಕೆ ಹಾಕಿ, ಹಲ್ಲು ಕಾಣುವ ಹಾಗೆ ನಗಬಲ್ಲಳು ಅಂತ ನನಗೆ ಗೊತ್ತೇ ಇರಲಿಲ್ಲ. ಖುಷಿಯೂ ಆಯಿತು, ಯಾಕೋ ಅಳುವೂ ಬಂತು. ಮನೆ ಯಾರದು ಅಂತ ತಿಳಿದ ಮೇಲೆ ನಾರಾಯಣಮ್ಮ ಇನ್ನೊಂದು ಸಮಾಚಾರ ಹೇಳಿದಳು. ಸಂತೆಯಲ್ಲಿ ಅಪ್ಪನ ಹೆಸರು ‘ಗುಡ್ಡೆ ಅಯ್ಯೋರು’. ದಿನವಿಡೀ ಯಾರಿಗೂ ಬೇಡವಾದದ್ದನ್ನು ಬಿಸಾಕಬೇಡಿ, ಗುಡ್ಡೆ ಅಯ್ಯೋರು ಇನ್ನೂ ಬಂದಿಲ್ಲ ಅಂತ ಎತ್ತಿಡುತ್ತಿದ್ದರಂತೆ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಒಳಗೆ ಚಾಪೆಯ ಮೇಲಿಂದ ಕೆಮ್ಮಿನಂಥ ಒಂದು ಸದ್ದು ಬಂತು. ಅದು ಕೆಮ್ಮಲ್ಲ ಅಂತ ನನಗೆ ಈಗಲೂ ಅನುಮಾನ.

ಜ್ವರ ಇಳಿಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಅಪ್ಪನಿಗೆ ಮುದ್ದೆ ಮಣ್ಣಿನ ಹಾಗಿತ್ತು, ಅಜ್ಜಿಗೆ ತನ್ನದೇ ಮೆಣಸಿನ ಸಾರು ಬಿಸಿನೀರಿನ ಹಾಗಿತ್ತು. ಅಜ್ಜಿ ಗಂಜಿಯ ಬಟ್ಟಲನ್ನು ಹಾಗೇ ತಳ್ಳಿಬಿಡುತ್ತಿದ್ದಳು. ದಪ್ಪಗಿದ್ದ ಅಜ್ಜಿ ಕಂಬದ ನೆರಳಿನಷ್ಟು ತೆಳ್ಳಗಾದಳು. ಗಲಾಟೆ ಮಾಡದ ಅಜ್ಜಿಯನ್ನು ನೋಡಿ ನನಗೂ ಸೀನನಿಗೂ ಹೆದರಿಕೆಯಾಯಿತು. ಆಗ ಅಮ್ಮ ಯಾರನ್ನೂ ಕೇಳದೆ ನಾರಾಯಣಮ್ಮನ ಹತ್ತಿರ ಗೋಂಗೂರ ತರಿಸಿದಳು. ಅವಳ ತವರಿನ ಕಡೆ ದಿನಾ ತಿನ್ನುವ ಹುಳಿಸೊಪ್ಪು ಅದು. ಸೊಪ್ಪು ಬಾಡಿಸಿ, ಒಣಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ ಜಜ್ಜಿ, ಒರಳಿನಲ್ಲಿ ರುಬ್ಬಿ, ಒಗ್ಗರಣೆ ಹಾಕಿದಾಗ ಪಕ್ಕದ ಮನೆಯ ರೋಗಿಗಳೂ ಸೀನಿದರು. ಬಿಸಿ ಅನ್ನಕ್ಕೆ ಅದನ್ನು ಕಲಸಿ, ಮೇಲೆ ಎಣ್ಣೆ ಬಿಟ್ಟು, ಒಂದು ತುತ್ತು ಮಾಡಿ ಅಜ್ಜಿಯ ಬಾಯಿಗಿಟ್ಟಳು. ಅಜ್ಜಿ ಕಣ್ಣು ಮುಚ್ಚಿದಳು. ಕಿವಿ ಕೆಂಪಾಯಿತು, ಮೂಗಿನಲ್ಲಿ ನೀರಿಳಿಯಿತು. ನಾನು ಏಟು ಬೀಳುತ್ತದೇನೋ ಅಂದುಕೊಂಡೆ.

“ಏನೇ ಇದು?”

“ಗೋಂಗೂರ, ಅತ್ತೆ. ನಮ್ಮ ಕಡೇದು.”

“ಹಾಳಾದ್ದು… ಇನ್ನೊಂದು ತುತ್ತು ಕೊಡು.”

ಆಮೇಲೆ ನಮ್ಮ ಮನೆಯ ಊಟದ ದಿಕ್ಕೇ ಬದಲಾಯಿತು. ಬೆಳಿಗ್ಗೆ ನಾರಾಯಣಮ್ಮನ ದನಿ ಕೇಳಿದರೆ ಚಾಪೆಯ ಮೇಲಿನ ಅಜ್ಜಿಗೇ ಮೊದಲು ಕಿವಿ ನೆಟ್ಟಗಾಗುತ್ತಿತ್ತು. ಒಂದೇ ವಾರದಲ್ಲಿ ನಾವು ಹೆಸರು ಕೇಳದ ಸೊಪ್ಪುಗಳ ಮಸ್ಸೊಪ್ಪು, ಎಳೇ ಬದನೆಯ ಎಣ್ಣೆಗಾಯಿ, ಬಗೆಬಗೆಯ ಹುಳಿಸಾರು ತಿಂದೆವು. ಸೀನ ಅಳುವುದನ್ನು ಮರೆತ. ಅಪ್ಪ ಒಂದು ತುತ್ತು ಹೆಚ್ಚಾಗಿಯೇ ತಿನ್ನುತ್ತಿದ್ದರು, ಆದರೆ ಮುಖ ಮಾತ್ರ ಯಾರೋ ತಮ್ಮ ಕುರ್ಚಿಯಲ್ಲಿ ಕೂತ ಹಾಗೆ ಇರುತ್ತಿತ್ತು. ಅಮ್ಮನಿಗೂ ಒಂದು ಚಿಂತೆ ಇತ್ತು. ಇದೆಲ್ಲ ಊರಲ್ಲಿ ಜ್ವರ ಇರುವವರೆಗೆ ಅಂತ ಅವಳಿಗೆ ಗೊತ್ತಿತ್ತು. ಸಂತೆ ಮತ್ತೆ ಕಟ್ಟಿದ ದಿನ ನಾರಾಯಣಮ್ಮ ಬೀದಿಗೆ ಬರುವುದಿಲ್ಲ, ಚೀಲ ಅಪ್ಪನ ಹೆಗಲಿಗೇರುತ್ತದೆ, ಹಜಾರದ ನಡುವೆ ಗುಡ್ಡೆ ಬೀಳುತ್ತದೆ. ಊರಲ್ಲಿ ಜನ ಚೇತರಿಸಿಕೊಂಡರು ಅಂತ ಸುದ್ದಿ ಬಂದಾಗಲೆಲ್ಲ ಅವಳು “ಪಾಪ, ಒಳ್ಳೇದಾಯ್ತು” ಅಂತ ಸಪ್ಪೆಯಾಗಿ ಹೇಳುತ್ತಿದ್ದಳು.

ಸಂತೆ ಕಟ್ಟಿದ ದಿನವೂ ಬಂತು. ಅಪ್ಪ ಊಟ ಮುಗಿಸಿ, ನಿದ್ದೆ ತೆಗೆದು, ಇಸ್ತ್ರಿ ಶರ್ಟು ತೊಟ್ಟು ಬಂದರು. ಹೊಸ್ತಿಲ ಹತ್ತಿರ ಅಮ್ಮ ನಿಂತಿದ್ದಳು. ಹಬ್ಬಕ್ಕುಡುವ ಹಸಿರು ಸೀರೆ, ಕೈಯಲ್ಲಿ ಚೀಲ.

“ಇವತ್ತು ನಾನು ಹೋಗ್ತೀನಿ, ರೀ.”

“ನೀನಾ? ಸಂತೆಗಾ? ನೋಡಿದೋರು ಏನಂತಾರೆ? ಬೀದಿಗೆ ಬಂದೋಳ ಹತ್ರ ತಗಂಡಂಗಲ್ಲ ಅದು. ಅಲ್ಲಿ ಚೌಕಾಸಿ ಮಾಡೋಕೆ ತಲೆ ಬೇಕು. ಕೊಡಿಲ್ಲಿ ಚೀಲ.”

ಅಮ್ಮ ಕೊಡಲಿಲ್ಲ. ಅಪ್ಪ ಚೀಲದ ಒಂದು ಹಿಡಿ ಹಿಡಿದುಕೊಂಡರು, ಅಮ್ಮ ಇನ್ನೊಂದು ಹಿಡಿ ಬಿಡಲಿಲ್ಲ. ಇಬ್ಬರೂ ಕಂಬದ ಕಡೆ ತಿರುಗಿದರು. ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಆಮೇಲೆ ಬಾಯಿಬಿಟ್ಟಳು.

“ನಾನು ಆಡಿದ ಮಾತು ತಪ್ಪೋಳಲ್ಲ. ಗಂಡಸು ದಿಕ್ಕಿಲ್ಲದೋರು ಚೀಲ ಹಿಡೀತಾರೆ ಅಂದಿದ್ದೆ. ನೀನು ಯಾವತ್ತು ಹೋಗಿದೀಯೋ ಸಂತೆಗೆ?”

“ಪ್ರತಿ ವಾರ ಹೋಗ್ತೀನಲ್ಲಮ್ಮ!”

“ಅದು ಸಂತೆ ಅಲ್ಲಪ್ಪ. ಸಂತೇಲಿ ಬೆಣ್ಣೆ ಹಚ್ಚಿ ಕೊಡಲ್ಲ.”

ಅಪ್ಪನ ಕೈಯಿಂದ ಚೀಲದ ಹಿಡಿ ತಾನಾಗಿಯೇ ಜಾರಿತು. ಜ್ವರದಲ್ಲಿ ತಾವು ಏನು ಹೇಳಿದ್ದರು ಅಂತ ಅವರಿಗೆ ಯಾರೂ ತಿಳಿಸಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಸೀನನ ಮುಖ ನೋಡಿದೆ. ಅಜ್ಜಿ ಅಮ್ಮನ ಕಡೆ ತಿರುಗಿದಳು.

“ನಿಂತ್ಕೊಂಡು ಏನು ನೋಡ್ತಿದೀಯೇ ರತ್ನಾ? ಹೊತ್ತಾಯ್ತು, ಎಳೇದೆಲ್ಲ ಖಾಲಿ ಆಗೋಗತ್ತೆ. ಹುಡುಗೀನ ಕರ್ಕೊಂಡು ಹೋಗು. ಇವನ ಜೊತೆ ಮಾತ್ರ ಹೋಗ್ಬೇಡ, ತಡ ಮಾಡ್ತಾನೆ.”

ಹಾಗೆ ನಾನು ಅಮ್ಮನ ಜೊತೆ ಸಂತೆಗೆ ಹೋದೆ. ಅಪ್ಪ ಸ್ವಲ್ಪ ದೂರ ನಮ್ಮ ಹಿಂದೆಯೇ ಬಂದು, ತಮಗೇನೋ ಸ್ಕೂಲಿನ ಕೆಲಸ ಇದೆ ಅಂತ ಹೋಟೆಲಿನ ತಿರುವಿನಲ್ಲಿ ಮಾಯವಾದರು. ಅಮ್ಮ ಮೊದಲು ತಲೆ ತಗ್ಗಿಸಿಕೊಂಡು ನಡೆದಳು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ತಲೆ ಎತ್ತಿದಳು, ಆಮೇಲೆ ನಾನೇ ಓಡಿ ಓಡಿ ಅವಳನ್ನು ಹಿಡಿಯಬೇಕಾಯಿತು. ಅಪ್ಪನಿಗೆ ಅಂತ ಎಳೇ ಬದನೆ, ಅಜ್ಜಿಗೆ ಅಂತ ಗೋಂಗೂರ, ಸೀನನಿಗೆ ಆಲೂಗಡ್ಡೆ, ನನಗೆ ಸಿಹಿಗುಂಬಳ. ಎಲ್ಲವೂ ಸ್ವಲ್ಪ ಸ್ವಲ್ಪ, ಒಂದೊಂದೂ ಮುಟ್ಟಿ ಆರಿಸಿದ್ದು. ಸೊಪ್ಪಿನ ಸಾಲಿನಲ್ಲಿ ಕೂತಿದ್ದ ನಾರಾಯಣಮ್ಮ ಚೀಲದೊಳಗೆ ಇಣುಕಿ, ಯಾವುದು ಯಾರಿಗೆ ಅಂತ ಕೇಳಿ ತಿಳಿದುಕೊಂಡು, ಕೊನೆಗೆ ಕೇಳಿದಳು:

“ಅಂದರಿದೀ ಅಯಿಂದಿ. ನೀಕೇಂ ಕಾವಾಲಮ್ಮಾ?”

ಎಲ್ಲರದೂ ಆಯಿತು, ನಿನಗೇನಮ್ಮ ಬೇಕು ಅಂತ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದ ಅಮ್ಮ ಚೀಲದೊಳಗೆ ಒಮ್ಮೆ ನೋಡಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಆಮೇಲೆ ಸರಸರನೆ ಮೂರು ಸಾಲು ಹಿಂದಕ್ಕೆ ನಡೆದು ಒಂದು ಬುಟ್ಟಿಯ ಮುಂದೆ ಕೂತು ಆರಿಸತೊಡಗಿದಳು.

ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿರುವಾಗಲೇ ನಾವು ಮನೆ ಸೇರಿದ್ದೆವು. ಅಮ್ಮ ಹಜಾರದಲ್ಲಿ ಕೂತು ಚೀಲದಿಂದ ಒಂದೊಂದಾಗಿ ತೆಗೆದಿಟ್ಟಳು. ಅಜ್ಜಿ ಗೋಂಗೂರದ ಕಟ್ಟನ್ನು ಮೂಸಿ ತನ್ನ ಪಕ್ಕಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಬಂದು ಸೇರಿದ ಅಪ್ಪ ಬದನೆಕಾಯಿ ತಿರುಗಿಸಿ ತಿರುಗಿಸಿ ನೋಡಿದರು, ಹುಳುಕು ಸಿಗಲಿಲ್ಲ. ಕೊನೆಗೆ ಚೀಲದ ತಳದಿಂದ ಹೊರಬಂದದ್ದನ್ನು ಕಂಡು ಅವರ ಮುಖ ಅರಳಿತು. ತಪ್ಪು ಸಿಕ್ಕಿತ್ತು.

“ಇದೇನೇ ಇದು, ಹಾಗಲಕಾಯಿ! ನಮ್ಮನೇಲಿ ಇದನ್ನ ಯಾರು ತಿಂತಾರೆ?”

“ನಾನು” ಅಂದಳು ಅಮ್ಮ.

ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೂರು ನೋಡಿದಳು. ಅಮ್ಮನಿಗೆ ಹಾಗಲಕಾಯಿ ಇಷ್ಟ ಅನ್ನುವುದು ನಮಗೆ ಯಾರಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ. ಅವಳು ಅದನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಉಪ್ಪು ಖಾರ ಸವರಿ, ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ನಮ್ಮೆಲ್ಲರಿಗೂ ನಮ್ಮ ನಮ್ಮದನ್ನು ಬಡಿಸಿದ ಮೇಲೆ ತಾನೂ ತಟ್ಟೆ ಹಾಕಿಕೊಂಡು ಕೂತು ಪೂರ್ತಿ ತಿಂದಳು. ಬೇಕಾ ಅಂತ ಯಾರನ್ನೂ ಕೇಳಲಿಲ್ಲ.